ಬೈಯುವವರನ್ನು ಗುಂಪಿನಿಂದ ತೆಗೆಯುವ ಮುನ್ನ

ಹೋದ ರಾಜ್ಯೋತ್ಸವದ ಹೊತ್ತಿಗೆ ಎನ್‌ಸಿಆರ್‌ನ ನಮ್ಮ ಪುಟ್ಟ ಕನ್ನಡ ಕೂಟ ಒಂದು ಸ್ಮರಣ ಸಂಚಿಕೆ ತಂದಿತು. ಕೂಟದ ಸ್ಥಾಪಕರಲ್ಲಿ ಒಬ್ಬರು ಆ ವರ್ಷವೇ ತೀರಿಕೊಂಡಿದ್ದರು. ಅವರ ಬಗ್ಗೆ ಹಳೆಯ ಸಂಚಿಕೆಯೊಂದರಲ್ಲಿ ಬಂದಿದ್ದ ಲೇಖನವನ್ನೇ ನುಡಿನಮನವಾಗಿ ಮತ್ತೆ ಅಚ್ಚು ಹಾಕಿದ್ದೆವು. ಅವರ ಹೆಸರಿನ ಕೊನೆಯಲ್ಲಿ ‘ಮೂರ್ತಿ’ ಎಂದು ಇರಬೇಕಿತ್ತು. ‘ಮೂತಿರ್’ ಎಂದು ಅಚ್ಚಾಗಿತ್ತು. ಒಂದು ಕಡೆ ಅಲ್ಲ, ಏಳು ಕಡೆ.

ಸಂಚಿಕೆ ಬಿಡುಗಡೆಯಾದ ಸಂಜೆ ಅವರ ಪತ್ನಿ ಮೊದಲ ಸಾಲಿನಲ್ಲಿ ಕುಳಿತಿದ್ದರು. ಪುಟ ತೆರೆದು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಏನೂ ಅನ್ನಲಿಲ್ಲ. ಪುಸ್ತಕ ಮಡಚಿ ಚೀಲಕ್ಕೆ ಹಾಕಿಕೊಂಡರು. ವೇದಿಕೆಯ ಪಕ್ಕದಲ್ಲಿ ನಿಂತು ಅದನ್ನು ನೋಡುತ್ತಿದ್ದ ನನಗೆ ಆ ಕ್ಷಣ ಬೇರೆಯದೇ ಒಂದು ವಿಷಯ ನೆನಪಾಯಿತು. ಆ ಪದದ ಬಗ್ಗೆ ನಮಗೆ ಎರಡು ತಿಂಗಳ ಮೊದಲೇ ಎಚ್ಚರಿಕೆ ಬಂದಿತ್ತು. ಎಚ್ಚರಿಕೆ ಕೊಟ್ಟವರನ್ನು ಗುಂಪಿನಿಂದ ತೆಗೆದುಹಾಕಿದವನು ನಾನೇ.

ನಡೆದದ್ದು ಇಷ್ಟು. ಕೂಟದ ಹಳೆಯ ಸಂಚಿಕೆಗಳೆಲ್ಲ ಯೂನಿಕೋಡ್ ಬಳಕೆಗೆ ಬರುವ ಮೊದಲಿನವು. ಹಳೆಯ ಫಾಂಟಿನಲ್ಲಿ ಟೈಪಾಗಿ ಸಿ.ಡಿ.ಗಳಲ್ಲಿ ಉಳಿದಿದ್ದವು. ಈಗಿನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಬದಲು ಟೋಪಿ, ಚುಕ್ಕೆ, ಬಾಲ ಹೊತ್ತ ಯುರೋಪಿನ ಅಕ್ಷರಗಳು ಕಾಣಿಸುತ್ತಿದ್ದವು. ಊರಿನ ಯಾವುದಾದರೂ ಕಚೇರಿಯಿಂದ ಬಂದ ಹಳೆಯ ಸುತ್ತೋಲೆಯನ್ನು ತೆರೆದವರಿಗೆಲ್ಲ ಈ ನೋಟ ಪರಿಚಿತ. ಅವುಗಳನ್ನು ಯೂನಿಕೋಡಿಗೆ ತರುವ ಪುಟ್ಟ ತಂತ್ರಾಂಶವೊಂದನ್ನು ನಾವೇ ಬರೆಯೋಣ ಎಂದು ನಾಲ್ವರು ಹೊರಟೆವು. ನಾನು ನೊಯಿಡಾದವನು, ಇಬ್ಬರು ಗುರುಗ್ರಾಮದವರು, ಒಬ್ಬರು ವೈಶಾಲಿಯವರು. ವಾರವೆಲ್ಲ ಕಂಪನಿಯ ಕೋಡ್, ಶನಿವಾರ ಕನ್ನಡದ ಕೋಡ್. ಸಂಬಳವಿಲ್ಲ, ಗಡುವಿಲ್ಲ, ಖುಷಿ ಮಾತ್ರ.

ಕೂಟದಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರಿದ್ದಾರೆ. ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರು. ಕೋಡ್ ಬರೆದವರಲ್ಲ, ಆದರೆ ಕಂಪ್ಯೂಟರಿನ ಹುಚ್ಚು ನಮಗಿಂತ ಹೆಚ್ಚು. ನೆಹರೂ ಪ್ಲೇಸಿನಲ್ಲಿ ಬಿಡಿಭಾಗ ಆರಿಸಿ ತಂದು ತಮ್ಮ ಯಂತ್ರವನ್ನು ತಾವೇ ಜೋಡಿಸಿಕೊಂಡವರು. ನಾವು ತಂತ್ರಾಂಶದ ಮೊದಲ ಆವೃತ್ತಿಯನ್ನು ಗುಂಪಿಗೆ ಹಾಕಿದ ದಿನ ಮೂವತ್ತು ಜನ ಚಪ್ಪಾಳೆಯ ಚಿತ್ರ ಕಳಿಸಿದರು. ಇವರು ಮಾತ್ರ ಹೀಗೆ ಬರೆದರು: ‘ಏನ್ರೀ ಇದು? ಇದನ್ನ ಮಾಡಿದವರಿಗೆ ಕನ್ನಡ ಓದಾಕ ಬರತೈತೇನ್ರಿ?’ ಕೆಳಗೆ ಒಂದು ಕಡತ ಲಗತ್ತಿಸಿದ್ದರು. ಮರುದಿನ ಇನ್ನೊಂದು ಸಿಟ್ಟಿನ ಮಾತು. ಮೂರನೆಯ ದಿನ ನಮ್ಮಲ್ಲಿ ಒಬ್ಬನಿಗೆ ಬೇಸರವಾಗಿ, ‘ಇನ್ನು ನಾನು ಬರುವುದಿಲ್ಲ’ ಎಂದ. ಗುಂಪಿನ ಅಡ್ಮಿನ್ ನಾನಾಗಿದ್ದೆ. ಹಿರಿಯರ ಹೆಸರಿನ ಮೇಲೆ ಬೆರಳಿಟ್ಟೆ, ತೆಗೆದೆ. ಒಂದು ಕ್ಷಣದ ಕೆಲಸ.

ಆ ಕಡತವನ್ನು ನಾಲ್ವರಲ್ಲಿ ಯಾರೂ ತೆರೆದಿರಲಿಲ್ಲ. ಬಿಡುಗಡೆಯ ರಾತ್ರಿ ಮನೆಗೆ ಬಂದು ತೆರೆದೆ. ನಲವತ್ತೊಂದು ಪದಗಳ ಪಟ್ಟಿ. ಎಡಗಡೆ ಇರಬೇಕಾದದ್ದು, ಬಲಗಡೆ ನಮ್ಮ ತಂತ್ರಾಂಶ ಕೊಟ್ಟದ್ದು. ಒಂಬತ್ತನೆಯ ಸಾಲಿನಲ್ಲಿ ‘ಮೂರ್ತಿ – ಮೂತಿರ್’ ಎಂದಿತ್ತು.

ತಪ್ಪು ಎಲ್ಲಿತ್ತು ಎಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ಕನ್ನಡ ಬಲ್ಲವರಿಗೆ ಮಾತ್ರ ಕಾಣುವಂಥದ್ದು. ಹಳೆಯ ಫಾಂಟುಗಳು ಅಕ್ಷರವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತವೆ. ಅರ್ಕಾವತ್ತು ಅಕ್ಷರದ ಬಲಕ್ಕೆ ಕಾಣುವುದರಿಂದ ಅದು ‘ತಿ’ ಆದ ಮೇಲೆ ಬರುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ. ಅಲ್ಲಿ ‘ರ್’ ಮೊದಲು, ‘ತಿ’ ಆಮೇಲೆ. ಆದ್ದರಿಂದ ಪರಿವರ್ತಿಸುವಾಗ ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ತಂದಿಡಬೇಕು. ನಾವು ಬರೆದ ನಿಯಮ ಬರೀ ವ್ಯಂಜನವಿದ್ದಾಗ ಸರಿಯಾಗಿ ಕೆಲಸ ಮಾಡುತ್ತಿತ್ತು. ‘ವರ್ಷ’, ‘ಧರ್ಮ’, ‘ಮಾರ್ಗ’ ಎಲ್ಲ ಸರಿ ಬಂದವು. ನಾವು ಪರೀಕ್ಷಿಸಿದ್ದೂ ಅವನ್ನೇ. ವ್ಯಂಜನಕ್ಕೆ ಗುಣಿತ ಸೇರಿದರೆ ನಿಯಮ ಮುಗ್ಗರಿಸುತ್ತಿತ್ತು. ‘ಕೀರ್ತಿ’ ಹೋಗಿ ‘ಕೀತಿರ್’, ‘ಮೂರ್ತಿ’ ಹೋಗಿ ‘ಮೂತಿರ್’. ನಮ್ಮಲ್ಲಿ ಮೂವರು ಎಂ.ಟೆಕ್ ಮಾಡಿದವರು. ಕೋಡ್ ಬರೆಯದ ನಿವೃತ್ತರೊಬ್ಬರು ಅದನ್ನು ಒಂದು ಮಧ್ಯಾಹ್ನದಲ್ಲಿ ಕಂಡುಹಿಡಿದಿದ್ದರು.

ಇದನ್ನು ನನ್ನೊಬ್ಬನ ತಪ್ಪೊಪ್ಪಿಗೆಯಾಗಿ ಬರೆಯುತ್ತಿಲ್ಲ. ಕಂಪ್ಯೂಟರ್ ಆಸಕ್ತರ ಕೂಟಗಳಲ್ಲಿ, ಅದರಲ್ಲೂ ಕನ್ನಡಕ್ಕಾಗಿ ಬಿಡುವಿನಲ್ಲಿ ದುಡಿಯುವ ಕೂಟಗಳಲ್ಲಿ, ನಿಷ್ಠುರವಾಗಿ ಮಾತಾಡುವವರ ಜಾಗ ಯಾವುದು ಎಂಬ ಪ್ರಶ್ನೆ ಇದು. ಅವರ ಜಾಗ ಒಳಗೇ ಇರಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣ ಸೌಜನ್ಯವಲ್ಲ, ಅಗತ್ಯ.

ಕಂಪನಿಯಲ್ಲಿ ನಾನು ಬರೆದ ಹತ್ತು ಸಾಲು ಕೋಡನ್ನು ಇನ್ನಿಬ್ಬರು ಓದುತ್ತಾರೆ. ಆಮೇಲೆ ಪರೀಕ್ಷಕರ ತಂಡ. ಅದಾದ ಮೇಲೆ ದುಡ್ಡು ಕೊಟ್ಟ ಗ್ರಾಹಕ, ಅವನಂತೂ ಮುಲಾಜು ನೋಡುವುದಿಲ್ಲ. ತಪ್ಪು ಹುಡುಕುವುದೇ ಕೆಲಸವಾದವರಿಗೆ ಸಂಬಳವಿದೆ. ಹವ್ಯಾಸಿಗಳ ಕೂಟದಲ್ಲಿ ಇದು ಯಾವುದೂ ಇಲ್ಲ. ಪುಕ್ಕಟೆ ಸಿಕ್ಕಿದ್ದರಲ್ಲಿ ಹುಳುಕು ಹುಡುಕಬಾರದು ಎಂಬ ಸಂಕೋಚ ಬಳಸುವವರಿಗೆ. ಬಿಡುವು ಮಾಡಿಕೊಂಡು ಮಾಡಿದ್ದೇವಲ್ಲ ಎಂಬ ಬಿಗುಮಾನ ಮಾಡಿದವರಿಗೆ. ಈ ಎರಡರ ನಡುವೆ ತಪ್ಪು ಆರಾಮವಾಗಿ ಉಳಿದುಬಿಡುತ್ತದೆ. ನಾಲ್ಕು ಜನರಿಗೆ ಬೇಡವಾದರೂ ಸರಿ, ಇದು ತಪ್ಪು ಎಂದು ಹೇಳುವವನೊಬ್ಬನೇ ಅಲ್ಲಿನ ಪರೀಕ್ಷಕ. ಅವನನ್ನೂ ಕಳಿಸಿಬಿಟ್ಟರೆ ಪರೀಕ್ಷೆಯನ್ನೇ ರದ್ದು ಮಾಡಿದಂತೆ.

ಕನ್ನಡ ಗಣಕ ಲೋಕದ ಇತಿಹಾಸವೇ ಇದಕ್ಕೆ ಸಾಕ್ಷಿ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಿದವರಲ್ಲಿ ಹೆಚ್ಚಿನವರು ಹವ್ಯಾಸದಿಂದ, ಭಾಷೆಯ ಮೇಲಿನ ಪ್ರೀತಿಯಿಂದ ಮಾಡಿದವರು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಂದಿಗೂ ನಮ್ಮ ಬೆರಳುಗಳಲ್ಲಿದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಾಗ ಹೊರನಾಡಿನಲ್ಲಿದ್ದ ಎಷ್ಟೋ ಕನ್ನಡಿಗರು ಮೊದಲ ಬಾರಿಗೆ ಮನೆಗೆ ಕನ್ನಡದಲ್ಲಿ ಪತ್ರ ಟೈಪು ಮಾಡಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳ ಮೇಜಿಗೆ ಕನ್ನಡ ತಂದಿತು. ಇವರೆಲ್ಲರ ಋಣ ನಮ್ಮ ಮೇಲಿದೆ.

ಆದರೆ ಆ ಕಾಲದ ಅಕ್ಷರ ಸಂಕೇತಗಳಿಗೆ ಒಂದು ಮೂಲಭೂತ ಮಿತಿಯಿತ್ತು. ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಆಗಿರಲಿಲ್ಲ, ಕನ್ನಡದ ವೇಷ ತೊಟ್ಟ ಬೇರೆ ಅಕ್ಷರಗಳಾಗಿತ್ತು. ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಲು ಬಾರದು, ಫಾಂಟು ಇಲ್ಲದ ಕಡೆ ತೆರೆದರೆ ಅರ್ಥವಾಗದು. ಇದನ್ನು ಆಗಲೇ ಗಟ್ಟಿಯಾಗಿ ಹೇಳಿದವರಿದ್ದರು. 1996ರಲ್ಲೇ ‘ವಿಶ್ವಕನ್ನಡ’ ಜಾಲತಾಣ ಆರಂಭಿಸಿದ ಯು.ಬಿ. ಪವನಜ ಯೂನಿಕೋಡಿಗೆ ಹೋಗಲೇಬೇಕು ಎಂದು ವರ್ಷಗಟ್ಟಲೆ ಬರೆದರು, ಭಾಷಣ ಮಾಡಿದರು. ಮೂಡಿಗೆರೆಯ ಕಾಡಿನಲ್ಲಿ ಕುಳಿತಿದ್ದ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ಸ್ಥಿತಿಯ ಬಗ್ಗೆ ಸುಮ್ಮನಿರಲಿಲ್ಲ. ಕಂಪ್ಯೂಟರಿಗೆ ಒಗ್ಗದ ಭಾಷೆ ಉಳಿಯುವುದಿಲ್ಲ ಎಂಬ ಆತಂಕ ಅವರದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆಯಿತ್ತು.

ಇಂಥ ಮಾತುಗಳಿಗೆ ಸಿಗುತ್ತಿದ್ದ ಉತ್ತರ ಯಾವುದೆಂದು ಆ ಕಾಲ ಕಂಡವರಿಗೆ ಗೊತ್ತು. ಆಗುತ್ತಿರುವ ಕೆಲಸಕ್ಕೆ ಕಲ್ಲು ಹಾಕಬೇಡಿ, ಕನ್ನಡಕ್ಕೆ ಇಷ್ಟಾದರೂ ಆಯಿತಲ್ಲ, ನೀವೇನು ಮಾಡಿದ್ದೀರಿ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗಲೇ ಅದರೊಳಗೆ ಯೂನಿಕೋಡ್ ಕನ್ನಡವೂ ‘ತುಂಗಾ’ ಎಂಬ ಫಾಂಟೂ ಇದ್ದವು. ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿ, ಅದಕ್ಕೆ ಬೇಕಾದ ಫಾಂಟುಗಳನ್ನು ಮುಂದಿಡುವಷ್ಟರಲ್ಲಿ 2012 ಆಗಿತ್ತು. ನಡುವಿನ ಆ ದಶಕದಲ್ಲಿ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ನಮ್ಮಂಥ ಕೂಟಗಳಲ್ಲಿ ಟೈಪಾದ ಲಕ್ಷಾಂತರ ಪುಟಗಳನ್ನು ಇಂದು ನಾವು ಶನಿವಾರ ಕುಳಿತು ಪರಿವರ್ತಿಸುತ್ತಿದ್ದೇವೆ. ತಡವಾದದ್ದಕ್ಕೆ ಹಲವು ಕಾರಣಗಳಿರಬಹುದು. ಟೀಕೆಯನ್ನು ಕನ್ನಡ ದ್ರೋಹವೆಂದು ಓದಿದ್ದೂ ಅವುಗಳಲ್ಲಿ ಒಂದು ಎಂದು ನನಗನ್ನಿಸುತ್ತದೆ.

ಈ ಕಥೆಯ ಇನ್ನೊಂದು ಎಳೆ ನಾನೀಗ ಇರುವ ದೆಹಲಿಯಲ್ಲೇ ಇದೆ. ಐಟಿಒ ಬಳಿ, ಬಹಾದೂರ್ ಶಾ ಜಫರ್ ಮಾರ್ಗದಲ್ಲಿ ಭಾರತೀಯ ಮಾನಕ ಬ್ಯೂರೊದ ಕಟ್ಟಡವಿದೆ. ಭಾರತದ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಹೇಗೆ ಇಡಬೇಕು ಎಂಬ ‘ಇಸ್ಕಿ’ ಶಿಷ್ಟತೆಯನ್ನು ಬ್ಯೂರೊ 1991ರಲ್ಲಿ ಪ್ರಕಟಿಸಿತು. ಅದರ 1988ರ ರೂಪವನ್ನೇ ಆಧರಿಸಿ ಯೂನಿಕೋಡ್ ತನ್ನ ಭಾರತೀಯ ಲಿಪಿಗಳ ಕೋಷ್ಟಕಗಳನ್ನು ಜೋಡಿಸಿತು. ದೇವನಾಗರಿಯಲ್ಲಿ ‘ಕ’ ಯಾವ ಮನೆಯಲ್ಲಿದೆಯೋ ಕನ್ನಡದ ಕೋಷ್ಟಕದಲ್ಲೂ ‘ಕ’ ಅದೇ ಮನೆಯಲ್ಲಿರುವುದು ಇದರಿಂದಲೇ. ನಮ್ಮ ಲಿಪಿಯ ಭವಿಷ್ಯದ ಒಂದು ಭಾಗ ನಮ್ಮ ಊರಿನಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಹೀಗೆ ಗೊತ್ತಾಯಿತು.

ಆ ಯೂನಿಕೋಡ್ ಕೋಷ್ಟಕದಲ್ಲಿ ಒಂದು ತಪ್ಪಿದೆ, ಅದನ್ನು ಪ್ರತಿಯೊಬ್ಬ ಕನ್ನಡಿಗನೂ ತಿಳಿದಿರಬೇಕು. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ಇಂದಿನ ‘ಏಳು’ ಅಂದು ‘ಏೞು’, ‘ಕೋಳಿ’ ಅಂದು ‘ಕೋೞಿ’. ಪಂಪ, ರನ್ನರನ್ನು ಓದುವವರಿಗೆ ಅದು ದಿನವೂ ಎದುರಾಗುವ ಅಕ್ಷರ. ಯೂನಿಕೋಡ್ ಕೋಷ್ಟಕದಲ್ಲಿ ಅದಕ್ಕೆ ಜಾಗ ಸಿಕ್ಕಿದೆ, ಆದರೆ ಹೆಸರು ತಪ್ಪಾಗಿದೆ. ‘ಫ್ಯಾನ್’ ಪದದಲ್ಲಿ ಬರುವ ಇಂಗ್ಲಿಷಿನ ಎಫ್ ಧ್ವನಿಯ ಅಕ್ಷರ ಎಂದು ಅದಕ್ಕೆ ನಾಮಕರಣವಾಗಿದೆ! ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ನಿಯಮ. ಹೆಸರನ್ನು ನಂಬಿ ಬರೆದ ತಂತ್ರಾಂಶಗಳು ಮುರಿದುಬೀಳಬಾರದು ಎಂಬುದು ಅದರ ಉದ್ದೇಶ. ಹಾಗಾಗಿ ಈ ಹೆಸರು ತಪ್ಪು ಎಂದು ಅವರೇ ಅಡಿಟಿಪ್ಪಣಿ ಹಾಕಿ, ಸರಿಯಾದದ್ದನ್ನು ಪರ್ಯಾಯ ಹೆಸರಾಗಿ ಸೇರಿಸಿದ್ದಾರೆ. ಮೂಲ ಹೆಸರು ಹಾಗೇ ಉಳಿದಿದೆ, ಇನ್ನು ಮುಂದೆಯೂ ಉಳಿಯುತ್ತದೆ. ಹಳಗನ್ನಡ ಬಲ್ಲ ಒಬ್ಬ ಸಿಡುಕ ಮೇಷ್ಟ್ರು ಆ ಕರಡನ್ನು ಸಕಾಲದಲ್ಲಿ ನೋಡಿ, ಮೇಜು ಕುಟ್ಟಿದ್ದರೆ ಸಾಕಿತ್ತು. ಟೀಕೆಗೂ ಒಂದು ಕಾಲವಿದೆ. ಆ ಕಾಲ ಮೀರಿದರೆ ಉಳಿಯುವುದು ಅಡಿಟಿಪ್ಪಣಿ ಮಾತ್ರ.

ನಮಗೆ ಸಿಟ್ಟು ಬರುವುದಿಲ್ಲ ಎಂದಲ್ಲ. 2021ರ ಜೂನಿನಲ್ಲಿ ಗೂಗಲ್ ಹುಡುಕಾಟ ಕನ್ನಡವನ್ನು ಕೆಟ್ಟ ಭಾಷೆ ಎಂಬಂತೆ ತೋರಿಸಿದಾಗ ನಾಡಿಗೆ ನಾಡೇ ಎದ್ದು ನಿಂತಿತು. ಗೂಗಲ್ ಕ್ಷಮೆ ಕೇಳಿತು. ನಾನೂ ಆ ದಿನ ನಾಲ್ಕು ಖಾರದ ಮಾತು ಬರೆದಿದ್ದೆ. ಆದರೆ ಅವಮಾನಕ್ಕೆ ಸಿಡಿಯುವುದು ಸುಲಭ, ಎರಡು ದಿನದಲ್ಲಿ ಮುಗಿಯುತ್ತದೆ. ನಲವತ್ತೊಂದು ಪದಗಳ ಪಟ್ಟಿ ಮಾಡಲು ಒಂದು ಮಧ್ಯಾಹ್ನ ಕುಳಿತುಕೊಳ್ಳಬೇಕು. ಹೊರಗಿನವರು ಕನ್ನಡಕ್ಕೆ ಮಾಡಿದ ತಪ್ಪಿಗೆ ಸಿಡಿಯುವ ನಾವು, ಕನ್ನಡದವರು ಕನ್ನಡಕ್ಕೆ ಮಾಡಿದ ತಪ್ಪನ್ನು ತೋರಿಸಿದವರ ಮೇಲೆ ಸಿಡುಕುತ್ತೇವೆ.

ಹೊರಗಿನ ಲೋಕದಲ್ಲಿ ಇದಕ್ಕೆ ಒಳ್ಳೆಯ ಮಾದರಿಗಳಿವೆ. 1992ರ ಜನವರಿಯಲ್ಲಿ ಆಮ್‌ಸ್ಟರ್‌ಡಾಮಿನ ಪ್ರಾಧ್ಯಾಪಕ ಆಂಡ್ರೂ ಟನೆನ್‌ಬಾಮ್, ಆಗಷ್ಟೇ ಹುಟ್ಟಿದ್ದ ಲಿನಕ್ಸ್ ಹಳೆಯ ಕಾಲದ ವಿನ್ಯಾಸ ಎಂದು ಬಹಿರಂಗವಾಗಿ ಬರೆದರು. ಅದು ಒಂದೇ ಬಗೆಯ ಚಿಪ್ಪಿಗೆ ಅಂಟಿಕೊಂಡಿದೆ, ಬೇರೆ ಯಂತ್ರಕ್ಕೆ ಒಯ್ಯಲು ಬರುವುದಿಲ್ಲ ಎಂಬುದು ಅವರ ಒಂದು ಆಕ್ಷೇಪ. ಲಿನಸ್ ಟೋರ್ವಾಲ್ಡ್ಸ್ ಆಗ ಹೆಲ್ಸಿಂಕಿಯ 22 ವರ್ಷದ ವಿದ್ಯಾರ್ಥಿ. ಅಷ್ಟೇ ಬಿರುಸಾಗಿ ಉತ್ತರ ಕೊಟ್ಟರು. ವಿನ್ಯಾಸದ ವಿಷಯದಲ್ಲಿ ಅವರು ಮಣಿಯಲಿಲ್ಲ. ಆದರೆ ಮೂರು ವರ್ಷದೊಳಗೆ ಲಿನಕ್ಸ್ ಬೇರೆ ಬಗೆಯ ಚಿಪ್ಪುಗಳಲ್ಲೂ ಓಡತೊಡಗಿತು. ಇಂದು ಅದು ನಮ್ಮ ಆಂಡ್ರಾಯ್ಡ್ ಫೋನಿನೊಳಗೂ ಇದೆ. ಈ ಕಥೆಯ ಕೊನೆ ಇನ್ನೂ ಸ್ವಾರಸ್ಯದ್ದು. 2004ರಲ್ಲಿ ಅಮೆರಿಕದ ಸಂಸ್ಥೆಯೊಂದು, ಟನೆನ್‌ಬಾಮ್ ಅವರ ‘ಮಿನಿಕ್ಸ್’ನಿಂದ ಲಿನಕ್ಸನ್ನು ಕದ್ದದ್ದೆಂಬ ಅರ್ಥದ ಆರೋಪ ಮಾಡಿತು. ಹಾಗಲ್ಲ, ಅದನ್ನು ಲಿನಸ್ ತಾನೇ ಬರೆದದ್ದು ಎಂದು ಸಾಕ್ಷಿ ನುಡಿದವರು ಇದೇ ಟನೆನ್‌ಬಾಮ್. ಅಂದು ಅತ್ಯಂತ ಕಟುವಾಗಿ ಬರೆದವರ ಮಾತಾದ್ದರಿಂದಲೇ ಆ ಸಾಕ್ಷಿಗೆ ಬೆಲೆ ಬಂತು. ಬರೀ ಹೊಗಳಿದವರು ಹಾಗೆ ಹೇಳಿದ್ದರೆ ಯಾರು ನಂಬುತ್ತಿದ್ದರು?

1994ರ ಪೆಂಟಿಯಂ ಪ್ರಕರಣವೂ ಹೀಗೇ. ವರ್ಜೀನಿಯಾದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಲೆಕ್ಕ ಮಾಡುತ್ತಿದ್ದಾಗ ಇಂಟೆಲ್ ಚಿಪ್ಪಿನ ಭಾಗಾಕಾರವೇ ತಪ್ಪುತ್ತಿರುವುದನ್ನು ಕಂಡರು. ಸಾಮಾನ್ಯ ಬಳಕೆದಾರನಿಗೆ ಈ ತಪ್ಪು ಎದುರಾಗುವುದು 27,000 ವರ್ಷಕ್ಕೊಮ್ಮೆ ಎಂದಿತು ಕಂಪನಿ. ಕಂಪ್ಯೂಟರ್ ಆಸಕ್ತರು ಬಿಡಲಿಲ್ಲ. ಡಿಸೆಂಬರಿನಲ್ಲಿ ಇಂಟೆಲ್ ಕೇಳಿದವರಿಗೆಲ್ಲ ಚಿಪ್ ಬದಲಿಸಿ ಕೊಡಲು ಒಪ್ಪಿತು. ಅದಕ್ಕಾಗಿ ಲೆಕ್ಕಕ್ಕೆ ಹಿಡಿದ ಮೊತ್ತ 47.5 ಕೋಟಿ ಡಾಲರ್. ‘ಇಂಥ ಸಣ್ಣ ತಪ್ಪು ಓದುಗರ ಕಣ್ಣಿಗೆ ಬೀಳುವುದಿಲ್ಲ ಬಿಡಿ’ ಎಂದು ನಮ್ಮ ನಾಲ್ವರಲ್ಲಿ ಒಬ್ಬ ಅಂದದ್ದು ನನಗೆ ಈಗ ನೆನಪಾಗುತ್ತದೆ. ಸಾಮಾನ್ಯ ಓದುಗ ಎಂಬವನು ಎಲ್ಲೂ ಇಲ್ಲ. ಗಂಡನ ಹೆಸರು ಓದುವ ಹೆಂಡತಿ ಇದ್ದಾಳೆ.

ಹಾಗಾದರೆ ಬೈದವರೆಲ್ಲ ಸರಿಯೇ? ಅಲ್ಲ. ಈ ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಬಿಡುವಿನಲ್ಲಿ ಕೆಲಸ ಮಾಡುವವರ ನೋವೂ ನಿಜ. ಶನಿವಾರದ ನಿದ್ದೆ ಬಿಟ್ಟು ಮಾಡಿದ್ದನ್ನು ‘ಕನ್ನಡ ಓದಲು ಬರುತ್ತದೆಯೇ’ ಎಂಬ ಒಂದೇ ಮಾತಿನಲ್ಲಿ ಅಳೆದರೆ ಕೈ ಸೋಲುತ್ತದೆ. ಟೋರ್ವಾಲ್ಡ್ಸ್ ಅವರೇ ವರ್ಷಗಟ್ಟಲೆ ಸಹೋದ್ಯೋಗಿಗಳ ಮೇಲೆ ಕಠೋರ ಮಾತುಗಳನ್ನು ಎಸೆದವರು. 2018ರ ಸೆಪ್ಟೆಂಬರಿನಲ್ಲಿ ಅದಕ್ಕೆ ಕ್ಷಮೆ ಕೇಳಿ ಕೆಲ ಕಾಲ ರಜೆ ಮೇಲೆ ಹೋದರು. ಕೋಡನ್ನು ಬೈಯಬಹುದು, ಬರೆದವನನ್ನು ಬೈದರೆ ಒಳ್ಳೆಯ ಕೆಲಸಗಾರರು ಹೊರಟುಹೋಗುತ್ತಾರೆ ಎಂದು ಆ ಸಮುದಾಯಕ್ಕೂ ತಡವಾಗಿ ಅರಿವಾಯಿತು.

ಇನ್ನೂ ಗಂಭೀರವಾದದ್ದು 2024ರ ‘ಎಕ್ಸ್‌ಜೆಡ್’ ಪ್ರಕರಣ. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶ ಲಿನಕ್ಸ್ ಇರುವ ಬಹುತೇಕ ಎಲ್ಲ ಕಡೆ ಇದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸ್ಸೆ ಕೊಲಿನ್, ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳು ಅವರ ಮೇಲೆ ಮುಗಿಬಿದ್ದವು. ಕೆಲಸ ನಿಧಾನವಾಗಿದೆ, ಬೇರೆಯವರಿಗೆ ವಹಿಸಿ ಎಂಬ ಒತ್ತಡ. ಅವರು ತಮ್ಮ ಆರೋಗ್ಯ ಸರಿಯಿಲ್ಲ ಎಂದರೂ ಬಿಡಲಿಲ್ಲ. ಕೊನೆಗೆ ‘ಜಿಯಾ ಟಾನ್’ ಎಂಬ ಹೆಸರಿನ ಸಹಾಯಕನ ಕೈಗೆ ಅಧಿಕಾರ ಬಂತು. ಆತ ನಿಧಾನವಾಗಿ ಅದರೊಳಗೆ ಕಳ್ಳಬಾಗಿಲು ಇಟ್ಟ. ಮುಗಿಬಿದ್ದ ಆ ಹೆಸರುಗಳೂ ಅದೇ ಸಂಚಿನ ಭಾಗ ಎಂಬುದು ತಜ್ಞರ ಬಲವಾದ ಅನುಮಾನ. ಇದನ್ನು ಪತ್ತೆ ಮಾಡಿದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂಬ ಕಿರಿಕಿರಿ ಅವರನ್ನು ಬಿಡಲಿಲ್ಲ. ಅಗೆಯುತ್ತ ಹೋಗಿ ಕಳ್ಳಬಾಗಿಲನ್ನೇ ಕಂಡರು. 2024ರ ಮಾರ್ಚ್ 29ರಂದು ಪುರಾವೆಯ ಸಮೇತ ಲೋಕದ ಮುಂದಿಟ್ಟರು.

ಒಂದೇ ಕಥೆಯಲ್ಲಿ ಎರಡು ಬಗೆಯ ದೂರು ಇವೆ. ಮೊದಲನೆಯದು ಮನುಷ್ಯನ ಮೇಲೆ, ‘ನೀನು ಸರಿಯಿಲ್ಲ, ಜಾಗ ಬಿಡು’ ಎಂದು. ಎರಡನೆಯದು ಕೆಲಸದ ಮೇಲೆ, ‘ಇಲ್ಲಿ ಅರ್ಧ ಸೆಕೆಂಡು ಏಕೆ ಹೆಚ್ಚು’ ಎಂದು. ಮೊದಲನೆಯದರಲ್ಲಿ ಪಟ್ಟಿಯಿಲ್ಲ, ಎರಡನೆಯದರಲ್ಲಿ ಇದೆ. ದನಿ ಎಷ್ಟು ಖಾರ ಎಂಬುದರಿಂದ ಟೀಕಾಕಾರರನ್ನು ಅಳೆಯಬಾರದು, ಕೈಯಲ್ಲಿ ಏನು ತಂದಿದ್ದಾರೆ ಎಂಬುದರಿಂದ ಅಳೆಯಬೇಕು. ಮೆತ್ತನೆಯ ಮಾತಿನಲ್ಲಿ ಬಂದ ಖಾಲಿ ದೂರಿಗಿಂತ ಸಿಟ್ಟಿನ ಜೊತೆ ಬಂದ ನಲವತ್ತೊಂದು ಪದ ದೊಡ್ಡದು.

ಹೊರನಾಡಿನ ಕನ್ನಡಿಗರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಇಲ್ಲಿ ನಮ್ಮವರು ಸಿಗುವುದೇ ಅಪರೂಪ. ಮೆಟ್ರೊದಲ್ಲಿ ಎದುರಿನ ಸೀಟಿನವರು ಫೋನಿನಲ್ಲಿ ‘ಹೌದಾ’ ಅಂದರೆ ಸಾಕು, ಎದ್ದು ಹೋಗಿ ಮಾತಾಡಿಸುತ್ತೇವೆ. ಇರುವ ನಾಲ್ಕು ಜನ ಚೆನ್ನಾಗಿರೋಣ, ಏಕೆ ಮನಸ್ತಾಪ ಎಂಬುದು ಸಹಜ ಆಸೆ. ಬೆಂಗಳೂರಿನಲ್ಲಿ ಒಂದು ಗುಂಪಿನಲ್ಲಿ ಜಗಳವಾದರೆ ಇನ್ನೊಂದು ಗುಂಪಿದೆ. ಇಲ್ಲಿ ಕೂಟ ಒಂದೇ. ಹಾಗಾಗಿ ಒರಟು ಮಾತಿನವರು ಬೇಗ ಹೊರಗೆ ಬೀಳುತ್ತಾರೆ. ಆದರೆ ಅದೇ ಕಾರಣಕ್ಕೆ ಅವರ ಬೆಲೆಯೂ ಇಲ್ಲಿ ಹೆಚ್ಚು. ಇರುವ ಐವತ್ತು ಜನರಲ್ಲಿ ಅರ್ಕಾವತ್ತಿನ ಜಾಗ ನೋಡುವ ಕಣ್ಣು ಒಂದೋ ಎರಡೋ.

ಬೈಯುವವರಿಗಿಂತ ನಾವು ಹೆದರಬೇಕಾದದ್ದು ಸುಮ್ಮನೆ ಬಿಟ್ಟುಹೋಗುವವರಿಗೆ. ಕನ್ನಡ ಟೈಪು ಮಾಡಲು ಹೋಗಿ ಒತ್ತಕ್ಷರ ಒಡೆದು ಕಂಡಾಗ ಹೆಚ್ಚಿನವರು ದೂರು ಕೊಡುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘ಊಟ ಆಯ್ತಾ’ ಬರೆದು ಮುಂದೆ ಹೋಗುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸರಿಯಾಗಿ ಮೂಡುವ ವ್ಯವಸ್ಥೆ 2012ರ 4.1 ಆವೃತ್ತಿಯಲ್ಲಿ ಬಂತು. ಅದಕ್ಕೂ ಮೊದಲು ನನ್ನ ಫೋನಿನಲ್ಲಿ ಕನ್ನಡವೆಂದರೆ ಸಾಲು ಸಾಲು ಚೌಕ ಡಬ್ಬಿಗಳು. ಆಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಲು ಕಲಿತ ನನ್ನ ಗೆಳೆಯರಲ್ಲಿ ಅನೇಕರು ಕನ್ನಡ ಲಿಪಿಗೆ ಮರಳಲೇ ಇಲ್ಲ. ಅವರು ಯಾರನ್ನೂ ಬೈಯಲಿಲ್ಲ. ಬೈಯುವವನಿಗೆ ಇನ್ನೂ ಆಸೆಯಿದೆ, ಇದು ಸರಿಹೋಗುತ್ತದೆ ಎಂಬ ನಂಬಿಕೆಯಿದೆ. ಪುರಂದರದಾಸರು ನಿಂದಕರನ್ನು ಸ್ವಾಗತಿಸಿ ಹಾಡಿದ್ದನ್ನು ಭಜನೆಯಲ್ಲಿ ಕೇಳಿ ತಲೆದೂಗುವ ನಾವು, ನಮ್ಮ ಗುಂಪಿನ ನಿಂದಕರ ವಿಷಯ ಬಂದಾಗ ಮಾತ್ರ ಬೆರಳನ್ನು ಬೇರೆ ಗುಂಡಿಯ ಮೇಲೆ ಇಡುತ್ತೇವೆ.

ಏನು ಮಾಡಬಹುದು? ನಮ್ಮ ಅನುಭವದಿಂದ ಕಲಿತ ಕೆಲವು ರೂಢಿಗಳನ್ನು ಹೇಳುತ್ತೇನೆ. ಯಾರೇ ಏನೇ ಬರೆದರೂ ಮೊದಲು ಲಗತ್ತು ತೆರೆಯುವುದು, ಮಾತಿನ ಧಾಟಿಗೆ ಉತ್ತರ ಆಮೇಲೆ. ತಪ್ಪುಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವ ಕಡೆ ಇಟ್ಟು, ಪ್ರತಿ ಸಾಲಿಗೂ ಸರಿಪಡಿಸಿದೆವು ಅಥವಾ ಇಂಥ ಕಾರಣಕ್ಕೆ ಆಗಲಿಲ್ಲ ಎಂದು ಬರೆಯುವುದು. ಬಿಡುಗಡೆಗೆ ಮುನ್ನ ಒಂದು ವಾರ ಅತ್ಯಂತ ನಿಷ್ಠುರ ಓದುಗರ ಕೈಗೆ ಕೊಡುವುದು. ವ್ಯಕ್ತಿಯ ಮೇಲೆ ಹೋದ ಮಾತಿಗೆ ಖಾಸಗಿಯಾಗಿ ಒಮ್ಮೆ ಹೇಳುವುದು, ಮತ್ತೆ ಆದರೆ ಬಹಿರಂಗವಾಗಿ ಹೇಳುವುದು. ಟೀಕಿಸುವವರಿಗೂ ಒಂದು ಕೋರಿಕೆಯಿದೆ. ತಪ್ಪಿನ ಜೊತೆ ಉದಾಹರಣೆ ಕೊಡಿ, ಸರಿಯಾದದ್ದು ಯಾವುದೆಂದು ಬರೆಯಿರಿ, ಸರಿಪಡಿಸಿದ ಮೇಲೆ ಇನ್ನೊಮ್ಮೆ ನೋಡಿ. ಅಷ್ಟು ಮಾಡಿದರೆ ನಾಲ್ಕು ಬೈಗುಳವನ್ನು ನಾವು ನುಂಗಿಕೊಳ್ಳುತ್ತೇವೆ.

ಬಿಡುಗಡೆಯ ಮರುವಾರ ಆ ಹಿರಿಯರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಮನೆಯವರು. ‘ಬರ್ರಿ, ಚಹಾ ಕುಡೀರಿ’ ಅಂದರು. ಅವರು ಕಂಪ್ಯೂಟರಿನ ಮುಂದೆ ಕುಳಿತಿದ್ದರು, ತಿರುಗಲಿಲ್ಲ.

‘ತಪ್ಪಾಯ್ತು ಸರ್. ನೀವು ಬೈದ್ರಿ ಅಂತ ತೆಗೆದ್ವಿ’ ಎಂದೆ.

‘ಬೈದದ್ದು ಖರೆ. ಅದು ನಂದೂ ತಪ್ಪು. ಆದ್ರ ಪಟ್ಟಿ ಸುಳ್ಳ ಇತ್ತೇನು?’

‘ಇಲ್ಲ ಸರ್.’

‘ಕಡೀ ಸಾಲು ಓದಿದ್ರೇನು?’

ಓದಿದ್ದೆ. ಪರಿವರ್ತನೆ ಮುಗಿದ ಮೇಲೂ ಮೂಲ ಸಿ.ಡಿ.ಗಳನ್ನು ಒಗೆಯಬೇಡಿ ಎಂದಿತ್ತು. ಪುಣ್ಯಕ್ಕೆ ನಾವು ಒಗೆದಿರಲಿಲ್ಲ. ಜಾಣತನದಿಂದ ಅಲ್ಲ, ಸೋಮಾರಿತನದಿಂದ. ಹಾಗಾಗಿ ಎಲ್ಲವನ್ನೂ ಮತ್ತೊಮ್ಮೆ ಪರಿವರ್ತಿಸಲು ಸಾಧ್ಯವಾಯಿತು. ನುಡಿನಮನದ ಪುಟವನ್ನು ತಿದ್ದಿ ಬೇರೆಯಾಗಿ ಮುದ್ರಿಸಿ, ಆ ತಾಯಿಯ ಮನೆಗೆ ನಾವು ನಾಲ್ವರೂ ಹೋಗಿ ಕೊಟ್ಟು ಬಂದೆವು. ಮೊದಲ ಪ್ರತಿಗಳು ಹೋದ ಮನೆಗಳಲ್ಲಿ ‘ಮೂತಿರ್’ ಇನ್ನೂ ಇದೆ. ಅದನ್ನು ವಾಪಸ್ ತರಲು ಬರುವುದಿಲ್ಲ.

ಈಗ ಆ ನಲವತ್ತೊಂದು ಪದಗಳ ಪಟ್ಟಿ ಮುನ್ನೂರು ದಾಟಿದೆ. ಕೋಡಿನಲ್ಲಿ ಒಂದು ಸಾಲು ಬದಲಿಸಿದರೂ ಮೊದಲು ಆ ಪಟ್ಟಿಯ ಮೇಲೆ ಓಡಿಸಿ, ಎಲ್ಲ ಪದವೂ ಸರಿ ಬಂದರಷ್ಟೇ ಮುಂದಿನ ಮಾತು. ಹಿರಿಯರು ಗುಂಪಿಗೆ ಮರಳಿದ್ದಾರೆ, ಧಾಟಿ ಹೆಚ್ಚೇನೂ ಬದಲಾಗಿಲ್ಲ. ಹೋದ ಭಾನುವಾರ ಬೆಳಿಗ್ಗೆ ಆರಕ್ಕೆ ಸಂದೇಶ ಬಂದಿತ್ತು. ‘ರ‍್ಯಾಲಿ’ ಎಂಬಲ್ಲಿ ‘ರ’ ಪೂರ್ತಿ ನಿಂತು ಯಕಾರ ಅದರ ಕೆಳಗೆ ಒತ್ತಾಗಿ ಬರಬೇಕು, ನಮ್ಮದರಲ್ಲಿ ಅರ್ಕಾವತ್ತಾಗಿ ‘ರ್ಯಾಲಿ’ ಎಂದು ಬರುತ್ತಿದೆ, ಎಷ್ಟು ಸಲ ಹೇಳಬೇಕು ಎಂದು ಕೇಳಿದ್ದರು. ನೋಡಿದೆ. ಅವರು ಹೇಳಿದ್ದು ಸರಿ. ಪಟ್ಟಿಗೆ ಸೇರಿಸಿದ್ದೇನೆ, ಈ ಶನಿವಾರ ಕೂರುತ್ತೇವೆ.